ತಿಜೋರಿ ಸೇರಿದ ಶ್ರವಣ ಸಾಧನ

ಶ್ರಾವಣ ಮಾಸದಲ್ಲಿ ಮಠವೊಂದರ ಪ್ರವಚನಕ್ಕೆ ನಾವು ಹೋಗಿದ್ದೆವು. ಮುಂದಿನ ಸಾಲಿನಲ್ಲಿ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಕುಳಿತಿದ್ದರು. ಸಭೆಯೆಲ್ಲ ನಕ್ಕಾಗ ಅವರು ಅಕ್ಕಪಕ್ಕದವರ ಮುಖ ನೋಡಿ ಆಮೇಲೆ ನಗುತ್ತಿದ್ದರು. ಪ್ರಸಾದದ ಪಂಕ್ತಿಯಲ್ಲಿ ಅವರ ಸೊಸೆಯನ್ನು ವಿಚಾರಿಸಿದೆವು. “ಮಾವಾರಿಗೆ ಕೇಳ್ಸೂದಿಲ್ರಿ. ಮಷೀನು ಐತ್ರಿ, ಕೆಟ್ಟು ಆರು ತಿಂಗಳಾತು, ತಿಜೋರಿಯೊಳಗ ಇಟ್ಟೀವ್ರಿ” ಎಂದರು ಆಕೆ.

ಮರುದಿನ ಅವರ ಮನೆಗೆ ಹೋಗಿ ನೋಡಲಾಗಿ, ಸಾಧನ ಕೆಟ್ಟಿರಲಿಲ್ಲ. ಕಿವಿ ಅಚ್ಚಿನ ರಂಧ್ರದಲ್ಲಿ ಗುಗ್ಗೆ ಒಣಗಿ ಕಲ್ಲಾಗಿತ್ತು. ಒಳಗೆ ಬಿಟ್ಟಿದ್ದ ಹಳೆಯ ಬ್ಯಾಟರಿಯ ಮೇಲೆ ಬಿಳಿಯ ಹುಡಿ ಕಟ್ಟಿತ್ತು. ಇಂತಹ ಮನೆಗಳು ಒಂದೆರಡಲ್ಲ ಎಂಬುದು ಬಲ್ಲವರ ಅನುಭವ. ಬೆಳ್ಳಿಯ ಕರಡಿಗೆಯನ್ನು ತಪ್ಪದೆ ಬೆಳಗಿಡುವ ಮನೆಯಲ್ಲಿಯೇ, ಸಾವಿರಾರು ರೂಪಾಯಿ ತೆತ್ತು ತಂದ ಶ್ರವಣ ಸಾಧನವನ್ನು ಒಮ್ಮೆಯೂ ಒರೆಸಿರುವುದಿಲ್ಲ. ಸಾಧನ ಮೂಕವಾದರೆ ಹಿರಿಯರೂ ಮೂಕರಾಗುತ್ತಾರೆ. ಮನೆಯವರು ಕೂಗಿ ಕೂಗಿ ಬೇಸತ್ತು ಮಾತನ್ನೇ ಕಡಿಮೆ ಮಾಡುತ್ತಾರೆ. ಆದುದರಿಂದ ಈ ತಿಂಗಳು ಈ ಸಣ್ಣ ಯಂತ್ರದ ಆರೈಕೆಯನ್ನು ಕುರಿತು ನಾಲ್ಕು ಮಾತು.

ಕಿವಿಯ ಹಿಂದೆ ಕೂರುವ ಸಾಧನದಲ್ಲಿ ಮೈಕು ಶಬ್ದವನ್ನು ಹಿಡಿಯುತ್ತದೆ, ಒಳಗಿನ ಯಂತ್ರ ಅದನ್ನು ಹಿಗ್ಗಿಸುತ್ತದೆ, ಮೆತ್ತನೆಯ ನಳಿಕೆ ಮತ್ತು ಕಿವಿ ಅಚ್ಚಿನ ಮೂಲಕ ಅದು ಕಿವಿಯೊಳಗೆ ಇಳಿಯುತ್ತದೆ. ಈ ದಾರಿಯಲ್ಲಿ ಸಾಸಿವೆ ಕಾಳಿನಷ್ಟು ಗುಗ್ಗೆ ಅಡ್ಡಬಂದರೂ, ನಳಿಕೆಯಲ್ಲಿ ಒಂದು ಹನಿ ನೀರು ನಿಂತರೂ ಶಬ್ದ ಅಲ್ಲಿಯೇ ತಡೆಯುತ್ತದೆ.

ಪ್ರತಿ ರಾತ್ರಿ ಸಾಧನವನ್ನು ತೆಗೆದೊಡನೆ ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಹಾಸಿಗೆಯ ಮೇಲೆಯೋ, ಮಡಿಸಿದ ಟವೆಲ್ಲಿನ ಮೇಲೆಯೋ ಕುಳಿತು ಒರೆಸುವುದು ಜಾಣತನ. ಕಲ್ಲಿನ ನೆಲಕ್ಕೆ ಜಾರಿ ಬಿದ್ದರೆ ಒಳಗಿನ ಭಾಗಗಳು ಒಡೆಯಬಹುದು. ಅಚ್ಚಿನ ತೂತಿಗೆ ಅಂಟಿದ ಗುಗ್ಗೆಯನ್ನು ಸಾಧನದೊಡನೆ ಕೊಡುವ ಪುಟ್ಟ ಬ್ರಷ್‌ನಿಂದ ತೆಗೆಯಬೇಕು. ಆಗ ತೂತು ಕೆಳಮುಖವಾಗಿರಲಿ, ಪುಡಿ ಒಳಗೆ ಬೀಳದೆ ಹೊರಗೆ ಉದುರುತ್ತದೆ.

ವಾರಕ್ಕೊಮ್ಮೆ ಅಚ್ಚನ್ನು ತೊಳೆಯಬೇಕು. ಇಲ್ಲಿಯೇ ಹೆಚ್ಚಿನವರು ಎಡವುವುದು. ಗಟ್ಟಿ ಕೊಕ್ಕೆಗೆ ನಳಿಕೆ ಸೇರುವ ಜಾಗದಲ್ಲಿ ಮೆಲ್ಲನೆ ತಿರುಗಿಸಿ ಬಿಡಿಸಿದರೆ ಅಚ್ಚು ಮತ್ತು ನಳಿಕೆ ಒಟ್ಟಿಗೆ ಕೈಗೆ ಬರುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸಾಬೂನು ಹಾಕಿ ಅವೆರಡನ್ನು ಮಾತ್ರ ತೊಳೆಯಬೇಕು. ಯಂತ್ರದ ಭಾಗಕ್ಕೆ ನೀರು, ಸ್ಪಿರಿಟ್ ಯಾವುದೂ ಸೋಕಕೂಡದು. ನಳಿಕೆಯೊಳಗಿನ ನೀರನ್ನು ರಬ್ಬರಿನ ಗಾಳಿಬುರುಡೆಯಿಂದ ಊದಿ ತೆಗೆದು, ರಾತ್ರಿಯೆಲ್ಲ ಒಣಗಲು ಬಿಟ್ಟು ಬೆಳಗ್ಗೆ ಜೋಡಿಸಬೇಕು. ಈಚಿನ ಕೆಲವು ಸಾಧನಗಳಲ್ಲಿ ನಳಿಕೆಯ ಬದಲು ಸಣ್ಣ ತಂತಿಯಿದ್ದು, ಸ್ಪೀಕರು ಕಿವಿಯೊಳಗೇ ಇರುತ್ತದೆ. ಅವುಗಳನ್ನು ತೊಳೆಯುವಂತಿಲ್ಲ, ತುದಿಯ ಗುಗ್ಗೆ ತಡೆಯುವ ಜಾಲರಿಯನ್ನು ಕಾಲಕಾಲಕ್ಕೆ ಬದಲಿಸಬೇಕು. ಪಿನ್ನು, ಸೂಜಿಗಳಿಂದ ಚುಚ್ಚಿದರೆ ಸ್ಪೀಕರೇ ಹಾಳು.

ನಮ್ಮ ಮನೆಗಳಲ್ಲಿ ಇನ್ನೊಂದು ಮಾತಿದೆ. ಸ್ನಾನ, ಲಿಂಗಪೂಜೆ, ವಿಭೂತಿ ಧಾರಣೆ ಎಲ್ಲ ಮುಗಿದ ಮೇಲೆ, ಕೈ ಒರೆಸಿಕೊಂಡು ಸಾಧನವನ್ನು ಧರಿಸುವುದು ಒಳ್ಳೆಯದು. ವಿಭೂತಿಯಂತಹ ನಯವಾದ ಪುಡಿ ಮೈಕಿನ ರಂಧ್ರವನ್ನು ಮುಚ್ಚುತ್ತದೆ. ತಲೆಗೆ ಎಣ್ಣೆ ಹಚ್ಚುವಾಗಲೂ ಮೊದಲು ಸಾಧನವನ್ನು ತೆಗೆದಿಡಬೇಕು.

ಬ್ಯಾಟರಿಯ ವಿಷಯ. ಈ ಗುಂಡಿಯಂತಹ ಬ್ಯಾಟರಿಗಳು ಗಾಳಿಯಿಂದ ಕೆಲಸ ಮಾಡುವಂಥವು. ಮೇಲಿನ ಬಣ್ಣದ ಚೀಟಿಯನ್ನು ಕಿತ್ತೊಡನೆ ಗಾಳಿ ಒಳಹೊಕ್ಕು ಶಕ್ತಿ ಹುಟ್ಟತೊಡಗುತ್ತದೆ. ಮತ್ತೆ ಚೀಟಿ ಅಂಟಿಸಿದರೂ ಅದು ಉಳಿಯುವುದಿಲ್ಲ. ಕಿತ್ತ ಬಳಿಕ ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಚೀಟಿಯ ಬಣ್ಣವೇ ಅಳತೆಯ ಗುರುತು: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಅಂಗಡಿಗೆ ಮೊಮ್ಮಗನನ್ನು ಕಳುಹಿಸುವಾಗ ಬಣ್ಣ ಹೇಳಿ ಕಳುಹಿಸಿದರೆ ತಪ್ಪುವುದಿಲ್ಲ. ರಾತ್ರಿ ಬ್ಯಾಟರಿಯ ಬಾಗಿಲನ್ನು ತೆರೆದಿಡಬೇಕು. ಒಳಗಿನ ಬೆವರಿನ ತೇವ ಆರುತ್ತದೆ. ಚಾರ್ಜಿಗೆ ಇಡುವ ಸಾಧನವಾದರೆ ಈ ಗೊಡವೆಯಿಲ್ಲ.

ಬ್ಯಾಟರಿ ಎಳೆಯ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ, ಅಥವಾ ಮೂಗಿನಲ್ಲಿ ತುರುಕಿಕೊಂಡರೆ, ಒಳಗಿನ ಮೃದುಭಾಗವನ್ನು ಕೆಲವೇ ಗಂಟೆಗಳಲ್ಲಿ ಸುಡಬಲ್ಲದು. ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಮಲೆನಾಡಿನವರು, ಕರಾವಳಿಯವರು ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಹರಳುಗಳನ್ನು ಹಾಕಿ, ಬ್ಯಾಟರಿ ತೆಗೆದ ಸಾಧನವನ್ನು ರಾತ್ರಿ ಅದರಲ್ಲಿಡಬೇಕು. ಹರಳಿನ ಬಣ್ಣ ಬದಲಾದರೆ ತೇವ ತುಂಬಿತೆಂದು ತಿಳಿದು ಬೇರೆ ಹರಳು ಹಾಕಬೇಕು. ಒಲೆಯ ಬಳಿ, ಬಿಸಿಲಿನಲ್ಲಿ ಒಣಗಿಸಬಾರದು.

ಸಾಧನ ಕೀಚೆಂದು ಕೂಗಿದರೆ ಅಚ್ಚು ಸರಿಯಾಗಿ ಕೂತಿಲ್ಲವೆಂದೋ, ನಳಿಕೆ ಸೀಳಿದೆಯೆಂದೋ, ಕಿವಿಯಲ್ಲೇ ಗುಗ್ಗೆ ತುಂಬಿದೆಯೆಂದೋ ತಿಳಿಯಬೇಕು. ಕಿವಿಯನ್ನು ಬೆಂಕಿಕಡ್ಡಿಯಿಂದ ಕೆದಕದೆ ವೈದ್ಯರಿಂದ ತೆಗೆಸಬೇಕು. ನಳಿಕೆ ಹಳದಿಯಾಗಿ ಗಟ್ಟಿಯಾದರೆ ಬದಲಿಸಬೇಕು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ. ಅಚ್ಚು ಸಡಿಲವಾದರೆ ಶ್ರವಣತಜ್ಞರಲ್ಲಿ ಹೊಸದು ಮಾಡಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆಯೂ ಅಚ್ಚು ಮಾಡಿಕೊಡುವ ವ್ಯವಸ್ಥೆಯೂ ಉಂಟು. ಬಡ ಹಿರಿಯರಿಗಾಗಿ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣ ಸಾಧನವೂ ಸೇರಿದೆ.

ಇದೆಲ್ಲವನ್ನೂ ಹಿರಿಯರೇ ಮಾಡಿಕೊಳ್ಳಲಿ ಎಂದರೆ ಆಗದು. ಬೆರಳು ನಡುಗುತ್ತದೆ, ಕಣ್ಣು ಮಂಜಾಗಿರುತ್ತದೆ. ಮನೆಯಲ್ಲಿ ಒಬ್ಬರು ಇದನ್ನು ತಮ್ಮ ಕಾಯಕವೆಂದು ವಹಿಸಿಕೊಳ್ಳಬೇಕು. ದಿನಕ್ಕೆ ಐದು ನಿಮಿಷ ಸಾಕು.

ಆ ಹಿರಿಯರ ಮನೆಯಲ್ಲಿ ಸೊಸೆ ಅಚ್ಚನ್ನು ತೊಳೆದಿಟ್ಟರು, ಮೊಮ್ಮಗಳು ಕಿತ್ತಳೆ ಚೀಟಿಯ ಬ್ಯಾಟರಿ ತಂದಳು. ಮರುದಿನ ಬೆಳಗ್ಗೆ ನಾವು ಹೋದಾಗ ಸಾಧನವನ್ನು ಜೋಡಿಸಿ, ಮುಷ್ಟಿಯಲ್ಲಿ ಹಿಡಿದು ನೋಡಿದೆವು. ಕೀಚೆಂದು ಕೂಗಿತು, ಜೀವವಿತ್ತು. ಕಿವಿಗೆ ಹಾಕಿಕೊಂಡ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯತ್ತ ತಿರುಗಿ, “ಈ ಗಡಿಯಾರ ಇಷ್ಟು ಸಪ್ಪಳ ಮಾಡತೈತೇನವ್ವಾ?” ಎಂದು ಸೊಸೆಯನ್ನು ಕೇಳಿದರು. ನಳಿಕೆ ಮಾತ್ರ ಗಟ್ಟಿಯಾಗಿತ್ತು. ಅದನ್ನು ಆ ವಾರದಲ್ಲಿಯೇ ಬದಲಿಸಬೇಕೆಂದು ಹೇಳಿ ಬಂದೆವು.