ಬೀಸಣಿಗೆಗೂ ಒಂದು ಕತೆ ಉಂಟು

ಮಕ್ಕಳೇ, ಅಂಚೆಚೀಟಿ ಕೂಡಿಡುವವರನ್ನು ನೀವು ನೋಡಿದ್ದೀರಿ, ಹಳೇ ನಾಣ್ಯ ಕೂಡಿಡುವವರನ್ನೂ ನೋಡಿದ್ದೀರಿ. ಬೀಸಣಿಗೆ ಕೂಡಿಡುವವರೂ ಇದ್ದಾರೆ. ಒಡಿಶಾದಲ್ಲಿ ಹುಟ್ಟಿದ ಚಿತ್ರಕಲಾವಿದ ಜತಿನ್ ದಾಸ್ ಹಲವು ದಶಕ ಊರೂರು ಸುತ್ತಿ ಸಾವಿರಾರು ಬೀಸಣಿಗೆ ಸೇರಿಸಿದ್ದಾರೆ. ಲಂಡನ್ನಿನ ಗ್ರೀನಿಚ್‌ನಲ್ಲಿ ಬೀಸಣಿಗೆಗೆಂದೇ ಒಂದು ವಸ್ತುಸಂಗ್ರಹಾಲಯ 1991ರಲ್ಲಿ ತೆರೆಯಿತು.

ಒಂದೊಂದು ದೇಶದ್ದು ಒಂದೊಂದು ಬಗೆ. ಮಡಚುವ ಬೀಸಣಿಗೆ ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿಂದ ಚೀನಾಕ್ಕೆ ಹೋಯಿತು, ಆಮೇಲೆ ವ್ಯಾಪಾರಿಗಳ ಹಡಗು ಹತ್ತಿ ಯುರೋಪು ಸೇರಿತು. ಸ್ಪೇನಿನಲ್ಲಿ ಅದನ್ನು ಹಿಡಿದು ಕುಣಿಯುತ್ತಾರೆ.

ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಸಮಾಧಿ 1922ರಲ್ಲಿ ಸಿಕ್ಕಿತು. ಅದರಲ್ಲಿ ಉಷ್ಟ್ರಪಕ್ಷಿಯ ಗರಿ ಸಿಕ್ಕಿಸುವ ಚಿನ್ನದ ಬೀಸಣಿಗೆಯೊಂದಿತ್ತು. ಗರಿಗಳನ್ನು ಹುಳು ತಿಂದುಹಾಕಿತ್ತು. ಆದರೆ ಚಿನ್ನದ ಮೇಲೆ, ದೊರೆ ರಥ ಏರಿ ಉಷ್ಟ್ರಪಕ್ಷಿ ಬೇಟೆಯಾಡುವ ಚಿತ್ರ ಉಳಿದಿತ್ತು. ಹೀಗೆ ಮೂರು ಸಾವಿರ ವರ್ಷ ಕಳೆದರೂ ಆ ಬೀಸಣಿಗೆ ತನ್ನ ಕತೆ ತಾನೇ ಹೇಳಿತು.

ನಮ್ಮ ಬೀಸಣಿಗೆಗಳ ಮೇಲೆ ಹಾಗೆ ಚಿತ್ರ ಕೆತ್ತಿಲ್ಲ. ಅವುಗಳ ಕತೆ ಇರುವುದು ಅಜ್ಜಿ ತಾತಂದಿರ ಬಾಯಲ್ಲಿ.

ತಾಳೆಗರಿಯದು, ಬಿದಿರು ಸೀಳಿ ಮೇದರು ಹೆಣೆದದ್ದು, ಲಾವಂಚದ ಬೇರಿನದು, ಬಟ್ಟೆಯ ಅಂಚು ಕಟ್ಟಿದ್ದು, ಎಷ್ಟೊಂದು ಬಗೆ! ಬೀಸಣಿಗೆ ಗಾಳಿಯನ್ನು ತಂಪು ಮಾಡುವುದಿಲ್ಲ. ಮೈಮೇಲಿನ ಬೆವರು ಬೇಗ ಆರುವಂತೆ ಮಾಡುತ್ತದೆ. ಬೆವರು ಆರುವಾಗ ಮೈಯ ಬಿಸಿಯನ್ನೂ ಒಯ್ಯುತ್ತದೆ, ಅದಕ್ಕೇ ಹಾಯೆನಿಸುತ್ತದೆ. ಲಾವಂಚದ ಬೀಸಣಿಗೆಗೆ ನೀರು ಚಿಮುಕಿಸಿದರೆ ಮಾತ್ರ ಬರುವ ಗಾಳಿಯೂ ತಂಪು, ಜೊತೆಗೆ ಘಮ.

ತಗಡೂರು ಎಂದರೆ ಹಿರಿಯರಿಗೆ ಖಾದಿ ನೆನಪಾಗುತ್ತದೆ, ತಗಡೂರು ರಾಮಚಂದ್ರರಾಯರು ನೆನಪಾಗುತ್ತಾರೆ. ಹಳೇ ಚರಕ ಸಿಕ್ಕರೆ ಜೋಪಾನವಾಗಿ ಎತ್ತಿಡುತ್ತೇವೆ. ಬೀಸಣಿಗೆ ಹರಿದರೆ ಒಲೆಗೆ ಹಾಕುತ್ತೇವೆ. ಕೂಸು ಮಲಗಿಸಲು, ಜ್ವರ ಬಂದವರ ಪಕ್ಕ ಕೂತು ರಾತ್ರಿಯೆಲ್ಲ ಬೀಸಲು, ಮದುವೆ ಚಪ್ಪರದಲ್ಲಿ ಬೀಗರ ಸೆಖೆ ಕಳೆಯಲು ಅದೇ ಆಗಿತ್ತಲ್ಲ!

ಕೂಡಿಡಲು ದುಡ್ಡು ಬೇಡ. ಅಟ್ಟ ಹುಡುಕಿ, ನೆಂಟರ ಮನೆಯಲ್ಲಿ ಕೇಳಿ. ಸಿಕ್ಕಿದ್ದನ್ನು ನೀರಲ್ಲಿ ತೊಳೆಯಬೇಡಿ, ಮೆತ್ತನೆ ಕುಂಚದಿಂದ ದೂಳು ಕೊಡವಿ. ಬಿಸಿಲು, ತೇವ ಎರಡೂ ತಾಗದ ಕಡೆ ಇಡಿ, ಹುಳು ಹಿಡಿದಿದೆಯೇ ಎಂದು ಆಗಾಗ ನೋಡಿ. ಆನೆದಂತದ ಬೀಸಣಿಗೆ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ದಂತದ ವ್ಯಾಪಾರಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ.

ಎಲ್ಲಕ್ಕಿಂತ ಮುಖ್ಯ, ಪ್ರತಿಯೊಂದಕ್ಕೂ ಒಂದು ಚೀಟಿ ಬರೆಯಿರಿ. ಯಾವುದರಿಂದ ಮಾಡಿದ್ದು? ಯಾರು ಮಾಡಿದ್ದು? ಯಾವ ಊರಿನದು? ಯಾರು, ಯಾರಿಗೆ ಬೀಸುತ್ತಿದ್ದರು? ಚೀಟಿ ಇಲ್ಲದಿದ್ದರೆ ಅದು ಬರೀ ಒಣಗರಿ.

ಅಜ್ಜಿ ತಾತಂದಿರೇ, ಈ ಭಾನುವಾರ ಮೊಮ್ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಒಂದು ತಾಳೆಗರಿ ಹೆಣೆದು ತೋರಿಸಿ. ಮಕ್ಕಳೇ, ಹೆಣೆದಾದ ಮೇಲೆ ಮೊದಲ ಗಾಳಿ ಯಾರಿಗೆ ಬೀಸಬೇಕು ಎಂದು ನಿಮಗೆ ಹೇಳಿಕೊಡಬೇಕೇ?