ಹೀಟ್ ಪಂಪಿಗೂ ಔಟ್‌ಟರ್ನ್ ಇದೆ

ಸ್ನಾನದ ನೀರು ಕಾಯಿಸುವ ‘ಹೀಟ್ ಪಂಪ್’ ಯಂತ್ರಗಳನ್ನು ಸಂಘದ ಮೂಲಕವೇ ಸಗಟಾಗಿ ತರಿಸಿಕೊಡಬೇಕೆಂದು ಕೆಲವು ಸದಸ್ಯ ಬಾಂಧವರು ಕೇಳುತ್ತಿದ್ದಾರೆ. ಒಂದು ಯೂನಿಟ್ ವಿದ್ಯುತ್ತಿಗೆ ನಾಲ್ಕು ಯೂನಿಟ್ಟಿನಷ್ಟು ಶಾಖ ಸಿಗುವುದೆಂದು ಮಾರಾಟಗಾರರ ಕರಪತ್ರ ಸಾರುತ್ತದೆ. ಇದು ಮೋಸವೆಂದು ಕೆಲವರು, ಪವಾಡವೆಂದು ಕೆಲವರು. ಎರಡೂ ಅಲ್ಲವೆಂಬುದು ನಮ್ಮ ಅಭಿಪ್ರಾಯ. ಅಳೆಯದೆ ಕೊಳ್ಳಬಾರದೆಂಬುದು ನಮ್ಮ ಸಲಹೆ.

ಗೀಸರ್ ವಿದ್ಯುತ್ತನ್ನೇ ಶಾಖವಾಗಿಸುತ್ತದೆ. ಅದರಿಂದ ಒಂದಕ್ಕೆ ಒಂದಕ್ಕಿಂತ ಹೆಚ್ಚು ಸಿಗದು. ಹೀಟ್ ಪಂಪ್ ಗಾಳಿಯಲ್ಲಿರುವ ಶಾಖವನ್ನು ಎತ್ತಿ ನೀರಿಗೆ ಸೇರಿಸುತ್ತದೆ. ಫ್ರಿಜ್ ತನ್ನೊಳಗಿನ ಶಾಖವನ್ನು ಹಿಂಬದಿಗೆ ಸಾಗಿಸುವ ಕ್ರಮವೇ ಇದು. ಈ ತತ್ತ್ವದಿಂದ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ 1852ರಲ್ಲೇ ತೋರಿಸಿದ್ದರು. ಹಳ್ಳದಿಂದ ತೋಟಕ್ಕೆ ನೀರೆತ್ತುವ ನಮಗೆ ಇದರ ಮರ್ಮ ಕಷ್ಟವಲ್ಲ. ಏರು ಹೆಚ್ಚಿದಷ್ಟೂ ಅದೇ ಡೀಸೆಲ್ಲಿಗೆ ಬರುವ ನೀರು ಕಡಿಮೆ. ಇಲ್ಲಿ ಗಾಳಿಯ ಉಷ್ಣತೆಗೂ ನಮಗೆ ಬೇಕಾದ ನೀರಿನ ಉಷ್ಣತೆಗೂ ಇರುವ ಅಂತರವೇ ಏರು. ಆದುದರಿಂದ ಚಳಿಗಾಲದ ಬೆಳಗಿನ ಜಾವಕ್ಕಿಂತ ಮಧ್ಯಾಹ್ನ ಓಡಿಸಿದರೆ, 60 ಡಿಗ್ರಿಯ ಬದಲು 50 ಡಿಗ್ರಿಗೆ ಕಾಯಿಸಿದರೆ ಲಾಭ ಹೆಚ್ಚು. ಎಂಥ ಗಾಳಿಯಲ್ಲಿ, ಎಷ್ಟು ಬಿಸಿ ನೀರಿಗೆ ಎಂದು ಹೇಳದ ‘ನಾಲ್ಕು’ ಎಂಬ ಸಂಖ್ಯೆಗೆ ಅರ್ಥವಿಲ್ಲ.

ಅಳತೆಯೇನೂ ಕಷ್ಟವಲ್ಲ. ಯಂತ್ರಕ್ಕೊಂದು ಪ್ರತ್ಯೇಕ ಮೀಟರ್, ಒಂದು ಥರ್ಮಾಮೀಟರ್ ಸಾಕು. ನೀರಿನ ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ, ನೀರಿಗೆ ಸೇರಿದ ಶಾಖ ಯೂನಿಟ್ಟಿನ ಲೆಕ್ಕದಲ್ಲಿ ಸಿಗುತ್ತದೆ. 200 ಲೀಟರ್ ನೀರು 22ರಿಂದ 50 ಡಿಗ್ರಿಗೆ ಏರಿದರೆ ಸುಮಾರು ಆರೂವರೆ ಯೂನಿಟ್. ಮೀಟರ್ ಎರಡೂವರೆ ಯೂನಿಟ್ ಓಡಿದ್ದರೆ ಫಲ 2.6. ಆದರೆ ಅಳೆಯಬೇಕಾದುದು ಟ್ಯಾಂಕಿನಲ್ಲಲ್ಲ, ತಣ್ಣೀರು ಬೆರೆಸುವ ಮೊದಲು ಬಚ್ಚಲಿನ ಬಕೆಟಿನಲ್ಲಿ. ಒಂದು ದಿನವಲ್ಲ, ವರ್ಷವಿಡೀ. ರಾತ್ರಿ ಟ್ಯಾಂಕಿನಲ್ಲಿ ಆರಿದ ಶಾಖ, ಉದ್ದನೆಯ ಪೈಪಿನಲ್ಲಿ ಕಳೆದ ಶಾಖ ಬಕೆಟಿಗೆ ಬರುವುದಿಲ್ಲ, ಬಿಲ್ಲಿಗೆ ಮಾತ್ರ ಬರುತ್ತದೆ.

ಬ್ರಿಟನ್ನಿನ ಎನರ್ಜಿ ಸೇವಿಂಗ್ ಟ್ರಸ್ಟ್ ಮನೆ ಬೆಚ್ಚಗಿಡುವ ಇಂಥ ಪಂಪುಗಳನ್ನು 83 ಕಡೆ ಅಳೆದು 2010ರಲ್ಲಿ ವರದಿ ಪ್ರಕಟಿಸಿತು. ಕೆಲವೆಡೆ ಫಲ ಮೂರನ್ನು ದಾಟಿತ್ತು. ಕೆಲವೆಡೆ ಎರಡನ್ನೂ ಮುಟ್ಟಿರಲಿಲ್ಲ. ಯಂತ್ರದಷ್ಟೇ ಅದರ ಜೋಡಣೆ ಮತ್ತು ಬಳಕೆಯೂ ಮುಖ್ಯವೆಂದು ಇದರಿಂದ ತಿಳಿಯಬೇಕು.

ಕಾಫಿಯನ್ನು ಬರೀ ಚೀಲದ ತೂಕ ನೋಡಿ ಕೊಳ್ಳುವವರಿಲ್ಲ. ಔಟ್‌ಟರ್ನ್ ನೋಡಿಯೇ ದರ ಕಟ್ಟುತ್ತಾರೆ. ನಮ್ಮ ಬೆಳೆಗೆ ಒಪ್ಪಿಕೊಂಡ ಈ ನ್ಯಾಯವನ್ನು ನಮಗೆ ಮಾರಲು ಬರುವ ಯಂತ್ರಕ್ಕೂ ಅನ್ವಯಿಸುವುದು ತಪ್ಪಲ್ಲ. ಸಂಘದ ಹೆಸರಿನಲ್ಲಿ ಬಂದ ವಸ್ತುವನ್ನು ಸದಸ್ಯರು ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಆ ನಂಬಿಕೆಯನ್ನು ಕರಪತ್ರಕ್ಕೆ ಒತ್ತೆಯಿಡಲಾಗದು. ಆದುದರಿಂದ ಮೊದಲು ಮೂರು ಮನೆಗಳಲ್ಲಿ ಯಂತ್ರವಿಟ್ಟು, ಒಂದು ಮಳೆಗಾಲ, ಒಂದು ಚಳಿಗಾಲ ಲೆಕ್ಕ ಬರೆದಿಡೋಣ. ವೋಲ್ಟೇಜ್ ಕುಸಿಯುವ ಲೈನಿನ ಕೊನೆಯ ಮನೆಯೊಂದೂ ಅದರಲ್ಲಿರಲಿ. ಮೀಟರ್, ಥರ್ಮಾಮೀಟರ್, ಪುಸ್ತಕದ ಖರ್ಚು ಸಂಘದ್ದಾಗಲಿ. ಅಡಿಕೆ ಸಿಪ್ಪೆ, ಕಸಿ ಮಾಡಿದ ಸೌದೆ ಧಾರಾಳವಾಗಿರುವವರಿಗೆ ಹಂಡೆಯೊಲೆಯೇ ಅಗ್ಗವೆಂದು ಲೆಕ್ಕ ಹೇಳಿದರೆ ಅದನ್ನೂ ಒಪ್ಪೋಣ. ಅಂಕಿಗಳು ಮುಂದಿರುವಾಗ ಮಹಾಸಭೆ ತೀರ್ಮಾನಿಸಲಿ.