ಮಣ್ಣನ್ನು ಹೊರೆಯೆಂದು ಕಲಿಸುವ ವಿದ್ಯೆ

ಊರಿಗೆ ಗಣಿ ಬರುವ ಮುನ್ನ ಭೂವಿಜ್ಞಾನಿ ಬರುತ್ತಾನೆ. ಕೈಯಲ್ಲೊಂದು ಸುತ್ತಿಗೆ, ಹೆಗಲಲ್ಲೊಂದು ಚೀಲ, ಮಡಿಚಿದ ನಕಾಶೆ. ಹಳ್ಳದ ದಂಡೆಯ ಬಂಡೆಯನ್ನು ಒಡೆದು ನೋಡುತ್ತಾನೆ, ಟಿಪ್ಪಣಿ ಬರೆದುಕೊಳ್ಳುತ್ತಾನೆ, ಯಾರದೋ ಮನೆಯ ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದು ಹೊರಟುಹೋಗುತ್ತಾನೆ. ಬುಲ್ಡೋಜರ್ ಬರುವುದು ಎಷ್ಟೋ ವರ್ಷಗಳ ಅನಂತರ. ಆದರೆ ಊರಿನ ಹಣೆಬರಹದ ಮೊದಲ ಸಾಲು ಬರೆಯಲ್ಪಡುವುದು ಆ ಟಿಪ್ಪಣಿ ಪುಸ್ತಕದಲ್ಲಿಯೇ. ಕುದುರೆಮುಖದ ಅದಿರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಅಲ್ಲಿ ಗಣಿಗಾರಿಕೆ ನಿಂತದ್ದು 2005ರ ಡಿಸೆಂಬರ್ 31ರಂದು. ಸುತ್ತಿಗೆಯ ಮೊದಲ ಪೆಟ್ಟಿಗೂ ಗಣಿಯ ಕೊನೆಯ ದಿನಕ್ಕೂ ನಡುವೆ ತೊಂಬತ್ತೆರಡು ವರ್ಷಗಳು ಕಳೆದವು. ಹೀಗಿರುವಾಗ, ಆ ಟಿಪ್ಪಣಿ ಬರೆಯುವ ಕೈಗೆ ಏನನ್ನು ಕಲಿಸಲಾಗಿದೆ ಎಂಬ ಪ್ರಶ್ನೆ ವಿಶ್ವವಿದ್ಯಾಲಯಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅದು ಊರಿನ ಪ್ರಶ್ನೆ. ದೇಶದಲ್ಲಿ ಅತಿ ಹೆಚ್ಚು ನೆಲ ಅಗೆಯುವ ಉದ್ಯಮಗಳಲ್ಲೊಂದಾದ ಕಲ್ಲಿದ್ದಲಿನಲ್ಲಿ ಈ ಪ್ರಶ್ನೆಯನ್ನು ಕೇಳಿ ನೋಡುವುದು ಅಗತ್ಯ.

ಮಲೆನಾಡಿನಲ್ಲಿ ಕಲ್ಲಿದ್ದಲಿಲ್ಲ. ಕಲ್ಲಿದ್ದಲೆಂದರೆ ಹೂತುಹೋದ ಪುರಾತನ ಕಾಡು. ಕರ್ನಾಟಕದ ಬಹುಪಾಲು ಬಂಡೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಅವು ರೂಪುಗೊಂಡಾಗ ನೆಲದ ಮೇಲೆ ಮರಗಳೇ ಇರಲಿಲ್ಲ. ಭಾರತದ ಕಲ್ಲಿದ್ದಲಿನ ಬಹುಭಾಗ ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದಿನ ಗೊಂಡ್ವಾನ ಶಿಲಾಸ್ತರಗಳಲ್ಲಿ, ದಾಮೋದರ, ಸೋನ್, ಮಹಾನದಿ, ಗೋದಾವರಿ ಕಣಿವೆಗಳಲ್ಲಿ ಅಡಗಿದೆ. ಹಾಗಿದ್ದರೂ ಮಲೆನಾಡಿಗರು ಇದರಿಂದ ದೂರ ನಿಲ್ಲುವಂತಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ, ಘಟ್ಟದ ಕೆಳಗೆ ಉಡುಪಿಯ ಎಲ್ಲೂರಿನಲ್ಲಿ ಉರಿಯುವುದು ಕಲ್ಲಿದ್ದಲೇ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್ ಕಲ್ಲಿದ್ದಲ ಗಣಿ ಕರ್ನಾಟಕ ವಿದ್ಯುತ್ ನಿಗಮಕ್ಕೆ ಹಂಚಿಕೆಯಾದದ್ದು. ಅಲ್ಲಿನ ರೈತರ ಹೊಲ ಅಗೆದು ಇಲ್ಲಿನ ದೀಪ ಬೆಳಗುತ್ತದೆ. ಇನ್ನೊಂದು ನಂಟೂ ಉಂಟು. ಶಂಕರಘಟ್ಟ, ಮೈಸೂರು, ಧಾರವಾಡಗಳಲ್ಲಿ ಭೂವಿಜ್ಞಾನ ಓದುವ ಹಳ್ಳಿಯ ಮಕ್ಕಳಿಗೆ ತೆರೆದಿರುವ ಉದ್ಯೋಗಗಳಲ್ಲಿ ಕಲ್ಲಿದ್ದಲೂ ಒಂದು. ನಾಳೆ ಬೇರೊಬ್ಬರ ಜಗಲಿಯಲ್ಲಿ ಮಜ್ಜಿಗೆ ಕುಡಿಯುವವರು ಅವರೇ ಆಗಿರಬಹುದು.

ಈ ದೇಶದ ಭೂವಿಜ್ಞಾನ ಬೆಳೆದದ್ದೇ ಕಲ್ಲಿದ್ದಲಿನ ಮಡಿಲಲ್ಲಿ. ಈಸ್ಟ್ ಇಂಡಿಯಾ ಕಂಪನಿ 1836ರಲ್ಲಿ ಕಲ್ಲಿದ್ದಲು ಸಮಿತಿಯೊಂದನ್ನು ನೇಮಿಸಿತು. ಅದರ ಉಗಿಹಡಗುಗಳಿಗೆ ಉರುವಲು ಬೇಕಾಗಿತ್ತು. ಆ ಹುಡುಕಾಟವೇ ಬೆಳೆದು 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ನೇತೃತ್ವದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಾಯಿತು. 1926ರಲ್ಲಿ ಧನಬಾದಿನಲ್ಲಿ ಗಣಿಶಾಲೆ ತೆರೆಯಿತು. ಅದು 2016ರಲ್ಲಿ ಐಐಟಿ ಎನಿಸಿಕೊಂಡಿತು. ರಾಷ್ಟ್ರೀಕರಣದ ಅನಂತರ, 1975ರಲ್ಲಿ, ಕೋಲ್ ಇಂಡಿಯಾ ಹುಟ್ಟಿತು; ಅದಕ್ಕಾಗಿ ಶೋಧನೆ ನಡೆಸಿ ಗಣಿಯ ನಕ್ಷೆ ಸಿದ್ಧಪಡಿಸುವ ಸಿಎಂಪಿಡಿಐ ಸಂಸ್ಥೆ ರಾಂಚಿಯಲ್ಲಿ ನೆಲೆಗೊಂಡಿತು. ಒಡೆಯರು ಬದಲಾದರು, ಭೂವಿಜ್ಞಾನಿಯ ಮುಂದಿಡುವ ಪ್ರಶ್ನೆ ಮಾತ್ರ ಬದಲಾಗಲಿಲ್ಲ. ಎಷ್ಟಿದೆ? ಎಷ್ಟು ಆಳದಲ್ಲಿದೆ? ತೆಗೆಯಲು ಎಷ್ಟು ಖರ್ಚು?

ಈ ಪ್ರಶ್ನೆಗಳಿಗೆ ಉತ್ತರಿಸುವ ವಿದ್ಯೆ ಸುಲಭದ್ದೆಂದು ಯಾರೂ ಹೇಳಲಾರರು. ಕೊರೆದ ಕೊಳವೆಯಿಂದ ಮೇಲೆ ಬಂದ ಕಲ್ಲಿನ ದಿಂಡನ್ನು ಅಂಗುಲ ಅಂಗುಲವಾಗಿ ಓದಬೇಕು. ಪದರದ ದಪ್ಪ, ಓರೆ, ತೇವಾಂಶ, ಬೂದಿಯ ಪ್ರಮಾಣ, ಶಾಖದ ಮೌಲ್ಯಗಳನ್ನು ಗೊತ್ತುಮಾಡಬೇಕು. ಎರಡು ಕೊಳವೆಗಳ ನಡುವಿನ ಕಾಣದ ನೆಲದಲ್ಲಿ ಪದರ ಮುಂದುವರಿದಿದೆಯೋ, ಸ್ತರಭಂಗದಲ್ಲಿ ಮುರಿದು ಜಾರಿದೆಯೋ ಎಂದು ಊಹಿಸಬೇಕು. ವರ್ಷಗಳ ತರಬೇತಿಯಿಲ್ಲದೆ ಇದು ಒಲಿಯುವುದಿಲ್ಲ. ಕಲಿಸುವ ವಿದ್ಯೆ ಸುಳ್ಳೆಂದಲ್ಲ, ಅದು ಅರ್ಧವೆಂಬುದೇ ಇಲ್ಲಿನ ಆಕ್ಷೇಪ.

ಆ ಅರ್ಧತನಕ್ಕೆ ಸಾಕ್ಷಿಯಾಗಿ ಒಂದೇ ಒಂದು ಪದ ಸಾಕು: ಓವರ್‌ಬರ್ಡನ್. ತೆರೆದ ಗಣಿಯಲ್ಲಿ ಕಲ್ಲಿದ್ದಲಿನ ಪದರದ ಮೇಲಿರುವುದಕ್ಕೆಲ್ಲ ಉದ್ಯಮ ಇಟ್ಟಿರುವ ಹೆಸರದು. ಕನ್ನಡದಲ್ಲಿ ಹೇಳುವುದಾದರೆ ಮೇಲಿನ ಹೊರೆ. ಒಂದು ಟನ್ ಕಲ್ಲಿದ್ದಲಿಗೆ ಎಷ್ಟು ಘನಮೀಟರ್ ಹೊರೆ ಎತ್ತಬೇಕು ಎಂಬ ಲೆಕ್ಕ ಗಣಿಯ ಲಾಭನಷ್ಟವನ್ನು ನಿರ್ಧರಿಸುತ್ತದೆ. ಆ ಲೆಕ್ಕದಲ್ಲಿ ಮರಳುಗಲ್ಲೂ ಹೊರೆ, ಜೇಡಿಪದರವೂ ಹೊರೆ, ನೀರು ಹಿಡಿದಿಟ್ಟ ಸ್ತರವೂ ಹೊರೆ. ಬತ್ತದ ಗದ್ದೆಯ ಮಣ್ಣೂ ಹೊರೆ. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಬೇಕು. ಆ ಒಂದು ಅಂಗುಲದೊಳಗೆ ಬೇರಿಗೆ ಅಂಟಿ ಬದುಕುವ ಶಿಲೀಂಧ್ರ, ಸಾರಜನಕ ಹಿಡಿಯುವ ಸೂಕ್ಷ್ಮಜೀವಿ, ಎರೆಹುಳು, ಗೆದ್ದಲುಗಳ ಸಂಸಾರವೇ ಇದೆ. ಸೊಪ್ಪಿನಬೆಟ್ಟದಿಂದ ದರಗು ಹೊತ್ತು ತಂದು ತೋಟಕ್ಕೆ ಹರಡುವ ಮಲೆನಾಡಿನ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆತ ಮಣ್ಣಿಗಾಗಿ ಹೊರೆ ಹೊರುತ್ತಾನೆ. ಮಣ್ಣನ್ನೇ ಹೊರೆಯೆಂದು ಕರೆಯುವುದಿಲ್ಲ.

ಮೇಲ್ಮಣ್ಣನ್ನು ಬೇರೆಯಾಗಿ ತೆಗೆದು ಕಾಪಿಡಬೇಕು, ಮರಳಿ ಹರಡಬೇಕು ಎಂಬ ಷರತ್ತು ಭಾರತದ ಪರಿಸರ ಅನುಮತಿ ಪತ್ರಗಳಲ್ಲಿ ಇದ್ದೇ ಇದೆ. ಆದರೆ ರಾಶಿ ಹಾಕಿದ ಮಣ್ಣು ವರ್ಷಗಟ್ಟಲೆ ನಿಂತರೆ ಒಳಗೆ ಗಾಳಿಯಾಡದೆ ಅದರ ಜೀವ ಕುಂದುತ್ತದೆ. ಯಾವ ಪದರ ಎಷ್ಟು ಆಳದ್ದು, ಯಾವುದರ ಮೇಲೆ ಯಾವುದನ್ನು ಮರಳಿ ಹಾಕಬೇಕು, ಎಷ್ಟು ಕಾಲದೊಳಗೆ ಹಾಕಬೇಕು ಎಂದು ತಿಳಿದವರಿಲ್ಲದಿದ್ದರೆ ಷರತ್ತು ಕಾಗದದಲ್ಲಿಯೇ ಉಳಿಯುತ್ತದೆ. ಅಮೆರಿಕದಲ್ಲಿ 1977ರ ತೆರೆದಗಣಿ ಕಾನೂನು ಉತ್ತಮ ಸಾಗುವಳಿ ಭೂಮಿಯ ಮಣ್ಣನ್ನು ಪದರ ಪದರವಾಗಿ ತೆಗೆದು, ಅದೇ ಕ್ರಮದಲ್ಲಿ ಮರಳಿ ಕೂರಿಸಬೇಕೆಂದು ವಿಧಿಸಿತು. ಅಷ್ಟೇ ಅಲ್ಲ, ಸುತ್ತಲಿನ ಅಗೆಯದ ಹೊಲದಷ್ಟೇ ಇಳುವರಿ ಆ ನೆಲದಲ್ಲಿ ಬರುವವರೆಗೆ ಕಂಪನಿಯ ಠೇವಣಿ ಪೂರ್ತಿ ಬಿಡುಗಡೆಯಾಗುವುದಿಲ್ಲ. ಅಲ್ಲಿಯೂ ಕಲ್ಲಿದ್ದಲು ಮಾಡಿರುವ ಅನಾಹುತ ಸಣ್ಣದಲ್ಲ. ಆದರೂ ಪೈರನ್ನು ಸಾಕ್ಷಿಯಾಗಿ ಕರೆದ ಆ ಕಾನೂನು ಮಣ್ಣಿನ ವಿದ್ಯೆಯನ್ನು ಗಣಿಯ ಬಾಗಿಲಿಗೆ ತಂದು ನಿಲ್ಲಿಸಿತು.

ಅರ್ಧ ವಿದ್ಯೆಯ ಬೆಲೆಯನ್ನು ಮಣ್ಣಷ್ಟೇ ತೆರುವುದಿಲ್ಲ. ವೇಲ್ಸ್ ಪ್ರಾಂತ್ಯದ ಗುಡ್ಡಗಾಡಿನ ಹಳ್ಳಿ ಅಬರ್‌ಫ್ಯಾನ್. ಊರಿನ ಮೇಲಿನ ಬೆಟ್ಟದ ಇಳಿಜಾರಿನಲ್ಲಿ ಗಣಿಯ ತ್ಯಾಜ್ಯವನ್ನು ಗುಡ್ಡೆ ಹಾಕಲಾಗುತ್ತಿತ್ತು. ಏಳನೆಯ ಗುಡ್ಡೆಯನ್ನು ಒರತೆಯ ಮೇಲೆಯೇ ಹಾಕಿದರು. ಆ ಒರತೆ ನಕಾಶೆಗಳಲ್ಲಿಯೇ ಇತ್ತು. ಶಾಲೆಯ ಹಿಂದೆ ಅಪಾಯವಿದೆಯೆಂದು ಸ್ಥಳೀಯ ಆಡಳಿತ 1963ರಲ್ಲಿಯೇ ಪತ್ರ ಬರೆದಿತ್ತು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಗುಡ್ಡೆ ನೀರಾಗಿ ಹರಿದು ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು. ಅವರಲ್ಲಿ 116 ಮಕ್ಕಳು. ವಿಚಾರಣಾ ಮಂಡಳಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯನ್ನೇ ಹೊಣೆ ಮಾಡಿತು. ಅದು ಕಂಡದ್ದು ಕೇಡಿನ ಬುದ್ಧಿಯನ್ನಲ್ಲ, ಅಜ್ಞಾನವನ್ನು. ಮಳೆಗಾಲದಲ್ಲಿ ಎಲ್ಲಿ ಒರತೆ ಏಳುತ್ತದೆಂದು ಬಲ್ಲ ಯಾವ ಬೆಟ್ಟದ ರೈತನೂ ಅಲ್ಲಿ ಹುಲ್ಲಿನ ಬಣವೆಯನ್ನೂ ಒಟ್ಟುತ್ತಿರಲಿಲ್ಲ.

ಭಾರತದ ಪಟ್ಟಿಯೂ ಚಿಕ್ಕದಲ್ಲ. 1975ರ ಡಿಸೆಂಬರ್ 27ರಂದು ಧನಬಾದಿನ ಬಳಿಯ ಚಾಸನಾಲಾದಲ್ಲಿ, ಕೈಬಿಟ್ಟ ಹಳೆಯ ಗಣಿಯಲ್ಲಿ ನಿಂತಿದ್ದ ನೀರು ಕೆಳಗಿನ ಸುರಂಗಕ್ಕೆ ನುಗ್ಗಿ 375 ಕಾರ್ಮಿಕರು ಮುಳುಗಿದರು. 2016ರ ಡಿಸೆಂಬರ್ 29ರಂದು ಜಾರ್ಖಂಡಿನ ಗೊಡ್ಡಾ ಜಿಲ್ಲೆಯ ರಾಜಮಹಲ್ ತೆರೆದ ಗಣಿ ಕುಸಿದು 23 ಜನ ಮಣ್ಣಿನಡಿ ಸಿಕ್ಕಿ ಸತ್ತರು. ಗುಪ್ತವಾಗಿದ್ದ ಸ್ತರಭಂಗದ ಗುಂಟ ಅಂಚು ಜಾರಿರಬಹುದೆಂದು ಕಂಪನಿಯೇ ಅಂದು ಹೇಳಿತು. ಗುಪ್ತ! ಯಾರಿಂದ ಗುಪ್ತ? ನೆಲದೊಳಗಿನ ಗುಪ್ತವನ್ನು ಓದುವುದಕ್ಕೆಂದೇ ಸಂಬಳ ಪಡೆಯುವ ವೃತ್ತಿಯೊಂದು ಇದ್ದ ಮೇಲೆ, ಆ ಪದ ಸಮಾಧಾನವಾಗಲಾರದು.

ಇದಕ್ಕೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ದೇಶಕ್ಕೆ ಕಲ್ಲಿದ್ದಲು ಬೇಕು ಎಂಬುದು ಮೊದಲನೆಯದು. 2024-25ರಲ್ಲಿ ದೇಶ ನೂರು ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ತೆಗೆದಿರುವುದು ನಿಜ. ಆದರೆ ಅಗೆತ ಹೆಚ್ಚಿದಷ್ಟೂ ಅಗೆಯುವವರ ತಿಳಿವು ಹೆಚ್ಚಬೇಕೇ ಹೊರತು ಕಡಿಮೆಯಾಗಬೇಕೆಂದು ವಾದಿಸುವುದು ಹೇಗೆ? ಭೂವಿಜ್ಞಾನಿ ಸಲಹೆಗಾರ ಮಾತ್ರ, ತೀರ್ಮಾನ ಮೇಲಿನವರದು ಎಂಬುದು ಎರಡನೆಯದು. ಗಣಿಯ ಮ್ಯಾನೇಜರ್, ಸರ್ವೇಯರ್, ಓವರ್‌ಮನ್‌ಗಳು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆ ಗೆದ್ದು ಅರ್ಹತಾ ಪತ್ರ ಪಡೆಯಬೇಕು. ಭೂವಿಜ್ಞಾನಿಗೆ ಅಂಥ ಪರೀಕ್ಷೆಯಿಲ್ಲ. ಆಸ್ಟ್ರೇಲಿಯಾದಲ್ಲಿ 1989ರಿಂದ ಇರುವ ಜಾರ್ಕ್ ಸಂಹಿತೆಯಂತೆ ನಿಕ್ಷೇಪದ ಅಂದಾಜಿಗೆ ಹೆಸರು ಹಾಕುವವನಿಗೆ ಆ ಬಗೆಯ ನಿಕ್ಷೇಪದಲ್ಲಿ ಕನಿಷ್ಠ ಐದು ವರ್ಷಗಳ ಅನುಭವವಿರಬೇಕು. ತಪ್ಪಿದರೆ ಶಿಸ್ತುಕ್ರಮ ಕೈಗೊಳ್ಳಬಲ್ಲ ವೃತ್ತಿಸಂಘದ ಸದಸ್ಯತ್ವವಿರಬೇಕು. ಅಲ್ಲಿಯೂ ಆ ಸಹಿ ಕಾಯುವುದು ಷೇರು ಕೊಳ್ಳುವವನ ಹಣವನ್ನು. ಬಾವಿ ಬತ್ತಿದ ಹೆಂಗಸಿನ ಪರವಾಗಿ ಯಾರ ಸಹಿ ಇದೆ? ಪರಿಸರದ ಪಾಠ ಪಠ್ಯದಲ್ಲಿ ಈಗಾಗಲೇ ಇದೆ ಎಂಬುದು ಮೂರನೆಯ ಉತ್ತರ. ಇದೆ, ಊಟದ ಎಲೆಯ ತುದಿಯ ಉಪ್ಪಿನಂತೆ ಇದೆ. ರಾಣಿಗಂಜಿನಲ್ಲಿ 1774ರಲ್ಲಿಯೇ ಕಲ್ಲಿದ್ದಲು ತೆಗೆಯಲಾರಂಭಿಸಿದ ದೇಶದಲ್ಲಿ ಗಣಿ ಮುಚ್ಚುವ ಯೋಜನೆಗೆ ಕಲ್ಲಿದ್ದಲು ಸಚಿವಾಲಯದ ಮಾರ್ಗಸೂಚಿ ಬಂದದ್ದು 2009ರಲ್ಲಿ. 1916ರಲ್ಲಿ ಮೊದಲು ಗುರುತಿಸಲಾದ ಝರಿಯಾದ ನೆಲದಡಿಯ ಬೆಂಕಿ ಇನ್ನೂ ಆರಿಲ್ಲ. ತೆರೆಯುವುದನ್ನು ಶತಮಾನಗಳಿಂದ ಕಲಿಸಿದವರು ಮುಚ್ಚುವುದನ್ನು ಇನ್ನೂ ಕಲಿಸಬೇಕಾಗಿದೆ.

ಆದುದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. ಕಲ್ಲಿದ್ದಲು ಉದ್ಯಮ ಸೇರುವ ಪ್ರತಿಯೊಬ್ಬ ಭೂವಿಜ್ಞಾನಿಯೂ ಮಣ್ಣುವಿಜ್ಞಾನ ಮತ್ತು ಅಂತರ್ಜಲವಿಜ್ಞಾನಗಳನ್ನು ಕಲ್ಲಿದ್ದಲಿನಷ್ಟೇ ಗಂಭೀರವಾಗಿ ಕಲಿಯಬೇಕು; ಕೊರೆತದ ದಾಖಲೆಯ ಮೊದಲ ಎರಡು ಮೀಟರುಗಳನ್ನು ಬರಿಯ ಮಣ್ಣು ಎಂದು ಒಂದೇ ಪದದಲ್ಲಿ ಮುಗಿಸುವಂತಿರಬಾರದು. ತರಬೇತಿಯ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಗಣಿಯ ಪಕ್ಕದ ಹಳ್ಳಿಯಲ್ಲಿ ಕಳೆಯಬೇಕು. ಬಾವಿಗಳ ನೀರಿನ ಮಟ್ಟವನ್ನು ಆ ಊರಿನವರೊಡನೆ ಅಳೆಯಬೇಕು. ಸ್ತರಭಂಗ, ಒರತೆ, ಹಳೆಯ ಸುರಂಗಗಳ ವರದಿಯ ಮೇಲೆ ಭೂವಿಜ್ಞಾನಿಯ ಸ್ವಂತ ಹೆಸರಿನ ಸಹಿ ಇರಬೇಕು. ಆ ವರದಿ ಗ್ರಾಮಸಭೆಯ ಮುಂದೆ ಅಲ್ಲಿನ ಭಾಷೆಯಲ್ಲಿ ಓದಲ್ಪಡಬೇಕು. ಇಲ್ಲಿ ಅಗೆಯಬಾರದು ಎಂದು ಬರೆದವನಿಗೆ ವರ್ಗಾವಣೆಯ ಶಿಕ್ಷೆಯಾಗದಂತೆ ನಿಯಮದ ರಕ್ಷಣೆ ಇರಬೇಕು. ಅಗೆಯಬಾರದೆಂದು ಹೇಳುವ ಹಕ್ಕಿಲ್ಲದ ತಜ್ಞನ ಒಪ್ಪಿಗೆಗೆ ಬೆಲೆಯಿಲ್ಲ.

ಭೂವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ತರಗತಿಯಲ್ಲಿಯೇ ಎತ್ತಲಿ. ಕೆಲಸಕ್ಕೆ ಸೇರಿದ ಮೇಲೆ ಎತ್ತುವುದು ಕಷ್ಟ. ಹಳ್ಳಿಗರು, ಅದಿರಿಗಾಗಲಿ ಕಲ್ಲಿಗಾಗಲಿ, ಸುತ್ತಿಗೆ ಹಿಡಿದು ಬಂದವರಿಗೆ ಮಜ್ಜಿಗೆ ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ. ಕುಡಿದಾದ ಮೇಲೆ ಕೊಡಲಿಯಿಂದಲೂ ಕಡಿಯದ ಮಾತಿನಲ್ಲಿ, ಸಮಾಧಾನದಿಂದಲೇ ಕೇಳಲಿ: ಈ ಊರಿನ ಒರತೆಗಳೆಷ್ಟು, ತಮ್ಮ ನಕಾಶೆಯಲ್ಲಿ ಅವು ಎಲ್ಲಿವೆ? ಈ ಮಣ್ಣಿಗೆ ತಮ್ಮ ಪುಸ್ತಕದಲ್ಲಿ ಯಾವ ಹೆಸರು ಬರೆದುಕೊಂಡಿರಿ?